ಕಂಠಪ್ಪ ಆರಿಸಿದ ಕೋವಿ

ಹನಗೋಡಿನ ಕಂಠಪ್ಪ ಮೂವತ್ತೆಂಟು ವರ್ಷ ಎತ್ತಿನ ದಲ್ಲಾಳಿಯಾಗಿ ಬದುಕಿದವನು. ಹಲ್ಲು, ಗೊರಸು, ಸುಳಿ ನೋಡಿದನೆಂದರೆ ಎತ್ತಿನ ಜಾತಕವನ್ನೇ ಬಿಡಿಸಿ ಹೇಳುತ್ತಿದ್ದ. ಕೆ.ಆರ್. ನಗರದಿಂದ ಎಚ್.ಡಿ. ಕೋಟೆಯವರೆಗೆ ಯಾವ ಊರಿನ ಕೊಟ್ಟಿಗೆಗೆ ಕಾಲಿಟ್ಟರೂ ಅವನಿಗೊಂದು ಲೋಟ ಕಾಫಿ ಕಾದಿರುತ್ತಿತ್ತು. ಆಮೇಲೆ ಟ್ರ್ಯಾಕ್ಟರ್ ಬಂತು. ಬೇರೆಯವರ ಮನೆಗೆ ಬಂದಿದ್ದರೆ ಬಯ್ದುಕೊಂಡಾದರೂ ಇರಬಹುದಿತ್ತು. ಸ್ವಂತ ಮಗ ದೇವರಾಜುವೇ ಒಂದನ್ನು ತಂದು ಮನೆಮುಂದೆ ನಿಲ್ಲಿಸಿ, ಅದಕ್ಕೆ ಹೂವಿನ ಹಾರ ಹಾಕಿದ.

ಕಂಠಪ್ಪ ಅದನ್ನೂ ನುಂಗಿಕೊಂಡ. ನುಂಗಲಾಗದ್ದು ಹೋದ ವರ್ಷದ ಸಂಗತಿ. ಹೆಂಡತಿ ಸುನಂದಮ್ಮನ ತಮ್ಮ ಹೊಸ ಅಗ್ರಹಾರದವನು. ಅವನಿಗೆಂದು ಒಂದು ಜೋಡಿ ಎತ್ತು ಆರಿಸಿಕೊಟ್ಟಿದ್ದ. ಹಾಲಿನಂಥ ಬಿಳಿ ಜೋಡಿ. ಮೊದಲ ದಿನ ನೊಗ ಹೂಡಿ ನಾಲ್ಕು ಸುತ್ತು ಬರುವಷ್ಟರಲ್ಲಿ ಎಡಗಡೆಯದು ಗದ್ದೆಯಲ್ಲೇ ಮಲಗಿಬಿಟ್ಟಿತು. ಬಾಲ ತಿರುಚಿದರೂ ಏಳಲಿಲ್ಲ, ಹುಲ್ಲು ತೋರಿಸಿದಾಗ ಮಾತ್ರ ಕತ್ತೆತ್ತಿ ನೋಡಿತು. ಪಕ್ಕದ ಗದ್ದೆಯವನು ವಿಡಿಯೋ ಮಾಡಿದ. ಹನಗೋಡಿನ ಟೀ ಅಂಗಡಿ ಕುಳ್ಳಯ್ಯ ಅದನ್ನು ಬಂದವರಿಗೆಲ್ಲ ತೋರಿಸಿ, “ಕಂಠಪ್ಪಣ್ಣನ ಕಣ್ಣಿಗೆ ಪೊರೆ ಬಂದದೆ ಕಣ್ರಪ್ಪಾ” ಎಂದು ಟೀ ಜೊತೆ ಬಡಿಸಿದ. ಅಲ್ಲಿಂದಾಚೆಗೆ ಕಂಠಪ್ಪನ ಫೋನಿಗೆ ಸಿಮ್ ಕಂಪನಿಯವರ ಕರೆ ಬಿಟ್ಟರೆ ಬೇರೆ ಕರೆಯೇ ಇಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಸೊಸೆ ವಾಣಿಶ್ರೀ ಬಂದು ಎದುರಿಗೆ ನಿಂತಳು.

“ಮಾವ, ನಾಳೆ ನನ್ ಜೊತೆ ಪಿರಿಯಾಪಟ್ಟಣಕ್ಕೆ ಬತ್ತೀರಾ? ಒಂದು ರೈಫಲ್ ಆರಿಸ್ಬೇಕು.”

ವಾಣಿಶ್ರೀ ಊರಿನ ಹಾಲಿನ ಡೈರಿಯ ಸೆಕ್ರೆಟರಿ. ಹುಣಸೂರಿನ ಕಾಲೇಜಿನಲ್ಲಿ ಎನ್‌ಸಿಸಿಗೆ ಸೇರಿ ಗುರಿ ಹೊಡೆಯುವುದನ್ನು ಕಲಿತವಳು ಮದುವೆಯಾದ ಮೇಲೂ ಬಿಟ್ಟಿರಲಿಲ್ಲ. ಪಿರಿಯಾಪಟ್ಟಣದ ಹೊರಗಿನ ಮೈದಾನದಲ್ಲಿ ಅಲ್ಲಿನ ಶೂಟಿಂಗ್ ಕ್ಲಬ್ಬಿನವರು ವರ್ಷಕ್ಕೊಮ್ಮೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇಡುತ್ತಾರೆ. ಐವತ್ತು ಮೀಟರಿನಲ್ಲಿ ಕ್ಲಬ್ಬಿನ ಕೋವಿಯಿಂದಲೇ ಮೂರು ವರ್ಷ ಕಾಯಿ ಒಡೆದಿದ್ದಳು. ಈ ಸಲ ದೂರವನ್ನು ನೂರು ಮೀಟರಿಗೆ ಏರಿಸಿದ್ದರು. ಇಪ್ಪತ್ತು ವರ್ಷದಿಂದ ಊರವರೆಲ್ಲ ಹೊಡೆದು ಸವೆಸಿದ ಆ ಕ್ಲಬ್ಬಿನ ಕೋವಿಯೋ, ನೂರು ಮೀಟರಿನಲ್ಲಿ ಒಂದು ಗುಂಡನ್ನು ಹುಣಸೂರಿನ ಕಡೆಗೂ ಇನ್ನೊಂದನ್ನು ಕೊಡಗಿನ ಕಡೆಗೂ ಎಸೆಯುತ್ತಿತ್ತು. ಒಂದೂವರೆ ವರ್ಷ ಆಫೀಸುಗಳನ್ನು ಅಲೆದು ಅವಳು ಸ್ವಂತ ಲೈಸೆನ್ಸ್ ಮಾಡಿಸಿಕೊಂಡಿದ್ದಳು. ವಿದೇಶದ ಕೋವಿ ಅವರ ಕೈಗೆ ಎಟುಕುವಂಥದ್ದಲ್ಲ, ಕೊಳ್ಳುವುದಿದ್ದರೆ ನಮ್ಮದೇ ಕಾರ್ಖಾನೆಯ ಸಾದಾ ಮಾಲು.

“ನಂಗೇನವ್ವ ಗೊತ್ತು ಕೋವಿ ವಿಚಾರ? ನಿನ್ ಗಂಡನ ಕರ್ಕೊಂಡೋಗು” ಎಂದ ಕಂಠಪ್ಪ.

“ಅವ್ರು ಬಣ್ಣ ನೋಡಿ ಆರಿಸ್ತಾರೆ ಮಾವ. ಟ್ರ್ಯಾಕ್ಟರ್ ತಂದಿದ್ದೂ ಅಂಗೇ ಅಲ್ವಾ?”

ಅಡುಗೆಮನೆಯಿಂದ ಸುನಂದಮ್ಮನ ದನಿ ಬಂತು. “ನಿಮ್ಮಾವ ಆರಿಸಿದ್ರೆ ಕೋವಿನೂ ಮಲಗ್ಬುಡ್ತದೆ, ನೋಡ್ಕಳವ್ವ!”

ಕಂಠಪ್ಪನಿಗೆ ಚುರ್ ಎಂದಿತು. ಆದರೂ ಸಂಜೆ ತನ್ನ ದಲ್ಲಾಳಿ ಟವಲನ್ನು ಸೋಪು ಹಾಕಿ ಒಗೆದು ಒಣಹಾಕಿದ.

ಮರುದಿನ ಮೈಸೂರಿನ ಕೋವಿ ಅಂಗಡಿಯ ಮಹದೇವಯ್ಯ ಮೂರು ರೈಫಲ್‌ಗಳನ್ನು ಕ್ಲಬ್ಬಿನ ಮೈದಾನಕ್ಕೇ ತಂದು, ಮೇಜಿನ ಮೇಲೆ ಕಂಬಳಿ ಹಾಸಿ ಸಾಲಾಗಿ ಮಲಗಿಸಿದ್ದ. ಮೂರೂ ಒಂದೇ ಕಾರ್ಖಾನೆಯವು, ಒಂದೇ ಮಾದರಿ, ಒಂದೇ ಬೆಲೆ. ಮೊದಲನೆಯದರ ಮರ ಮಾತ್ರ ಜೇನುತುಪ್ಪದ ಬಣ್ಣಕ್ಕೆ ಫಳಫಳ ಹೊಳೆಯುತ್ತಿತ್ತು. ಎರಡನೆಯದು ಹಾಗೂ ಇಲ್ಲ, ಹೀಗೂ ಇಲ್ಲ. ಮೂರನೆಯದರ ಮರ ಮಂಕು, ನಡುವೆ ಒಂದು ಗಂಟು ಬೇರೆ.

“ಎಲ್ಲಾ ಒಂದೇ ಅಲ್ವಾ?” ಎಂದಳು ವಾಣಿಶ್ರೀ. ಕೈ ಆಗಲೇ ಮೊದಲನೆಯದನ್ನು ಸವರುತ್ತಿತ್ತು.

“ನೋಡಕ್ಕೆ ಒಂದೇ. ಹೊಡ್ಯಕ್ಕೆ ಒಂದರಂಗೆ ಒಂದಿರಲ್ಲ” ಎಂದ ಮಹದೇವಯ್ಯ.

“ಒಂದೇ ಹಸುವಿನ ಕರುಗಳು ಇದ್ದಂಗೆ ಅನ್ನಿ” ಎಂದ ಕಂಠಪ್ಪ. ಸೊಸೆ ಸವರುತ್ತಿದ್ದ ರೀತಿಯನ್ನು ನೋಡಿ ಅವನಿಗೆ ಒಳಗೊಳಗೇ ದಿಗಿಲಾಯಿತು. ಬಿಳಿ ಜೋಡಿಯ ಬೆನ್ನನ್ನು ತಾನು ಸವರಿದ್ದೂ ಹೀಗೆಯೇ. “ನಿಲ್ಲಿಸಿ ನೋಡೋದು ಸಾಕು. ನಡೆಸಿ ನೋಡಾನ” ಎಂದು ಟವಲನ್ನು ಹೆಗಲಿಗೆ ಹಾಕಿಕೊಂಡ.

ನೂರು ಮೀಟರಿನಾಚೆ ಕಾಗದ ಅಂಟಿಸಿ, ನಡುವೆ ತೆಂಗಿನಕಾಯಿಯಷ್ಟು ದೊಡ್ಡ ಕಪ್ಪು ವೃತ್ತ ಬರೆದಿದ್ದರು. ವಾಣಿಶ್ರೀ ಮಲಗಿ, ಮರಳಿನ ಚೀಲದ ಮೇಲೆ ಕೋವಿ ಇಟ್ಟು, ಒಂದೊಂದರಿಂದ ಐದೈದು ಗುಂಡು ಹೊಡೆದಳು. ಕಾಗದಗಳು ಬಂದವು. ಮೊದಲ ಕೋವಿಯ ಒಂದು ಗುಂಡು ವೃತ್ತದ ನಟ್ಟನಡುವೆ ಕೂತಿತ್ತು. “ನೋಡಿ ಮಾವ!” ಎಂದು ಅವಳು ಕುಣಿದೇಬಿಟ್ಟಳು. ಉಳಿದ ನಾಲ್ಕು ಮೇಲೆ, ಕೆಳಗೆ, ಅತ್ತ, ಇತ್ತ, ಊಟದ ತಟ್ಟೆಯಷ್ಟು ಅಗಲಕ್ಕೆ ಚೆದುರಿದ್ದವು. ಎರಡನೆಯದರದ್ದೂ ಹೆಚ್ಚುಕಡಿಮೆ ಅದೇ ಕತೆ. ಮೂರನೆಯದರ ಐದರಲ್ಲಿ ಒಂದೂ ವೃತ್ತಕ್ಕೆ ತಾಗಿರಲಿಲ್ಲ.

“ಇದು ಬ್ಯಾಡ ಬುಡಿ” ಎಂದು ಅವಳು ಆ ಕಾಗದವನ್ನು ಮಡಚಲು ಹೋದಳು.

“ತಡಿಯವ್ವ” ಎಂದು ಕಂಠಪ್ಪ ಕಿತ್ತುಕೊಂಡ. ಐದು ತೂತೂ ಎಡಕ್ಕೆ, ಕೆಳಗೆ, ಒಂದರ ಪಕ್ಕ ಒಂದು ಕೂತಿದ್ದವು. ಒಂದು ನಿಂಬೆಹಣ್ಣಿಟ್ಟರೆ ಐದೂ ಮುಚ್ಚಿಹೋಗುತ್ತಿದ್ದವು. ಅವನು ಒಂದೊಂದು ತೂತಿನ ಮೇಲೂ ಬೆರಳಿಟ್ಟು ನೋಡಿದ.

“ಯಾವತ್ತೂ ಎಡಕ್ಕೇ ಎಳೆಯೋ ಎತ್ತನ್ನ ಬಲಕ್ಕೆ ಕಟ್ಟಿ ಉಳಬೋದು ಕಣವ್ವ” ಎಂದ ಕೊನೆಗೆ. “ಒಂದಿನ ಎಡಕ್ಕೆ, ಒಂದಿನ ಬಲಕ್ಕೆ ಎಳೆಯೋದನ್ನ ಏನ್ ಮಾಡೀಯೆ? ಇದು ತಪ್ಪಿದ್ರೂ ಒಂದೇ ಕಡೆ ತಪ್ತದೆ. ನಂಬಬೋದು. ನಿಮ್ಮತ್ತೆ ತಮ್ಮನ ಎತ್ತಿನಾಗೆ ನಾನು ಮಾಡಿದ್ದು ಅದೇ ತಪ್ಪು. ಒಂದೇ ಸಲ ನೋಡ್ದೆ. ಐದು ಸಲ ನೋಡ್ಲಿಲ್ಲ.”

ಮಹದೇವಯ್ಯ ಮೇಜು ತಟ್ಟಿ ನಕ್ಕ. “ಯಜಮಾನ್ರೇ, ಇದನ್ನ ಹೇಳಕ್ಕೆ ನಾನು ದಿನಾ ಗಂಟಲು ಹರ್ಕೋತೀನಿ. ಗುಂಡು ಬೀಳೋ ಜಾಗನ, ಗುರಿ ನೋಡೋ ಈ ಸ್ಕೋಪಿನ ತಿರುಪಿನಲ್ಲಿ ಸರಿ ಮಾಡಬೋದು. ಚೆದುರೋದನ್ನ ಯಾವ ತಿರುಪೂ ಸರಿ ಮಾಡಲ್ಲ.” ಅವನು ತಿರುಪನ್ನು ಕಟಕಟ ತಿರುಗಿಸಿಕೊಟ್ಟ. ವಾಣಿಶ್ರೀ ಹೊಡೆದ ಮುಂದಿನ ಎರಡು ಗುಂಡೂ ವೃತ್ತದೊಳಗೆ ಹೋದವು.

ಆಮೇಲೆ ಮಹದೇವಯ್ಯ ಜೇಬಿನಿಂದ ಹತ್ತು ರೂಪಾಯಿಯ ನೋಟು ತೆಗೆದು ಕೋವಿಯ ನಳಿಗೆಗೂ ಕೆಳಗಿನ ಮರಕ್ಕೂ ನಡುವಿನ ಸಂದಿಯಲ್ಲಿ ತೂರಿಸಿದ. ನೋಟು ಸರಾಗವಾಗಿ ಬುಡದವರೆಗೂ ಹೋಯಿತು. “ನಳಿಗೆ ಮರಕ್ಕೆ ಎಲ್ಲೂ ತಾಗಬಾರದು. ಅಲ್ಲಿ ಒಂದು ಕಡ್ಡಿ ಸಿಕ್ಕಂಡ್ರೂ ಗುಂಡು ದಾರಿ ಬಿಡ್ತದೆ.” ಮೊದಲನೆಯದಕ್ಕೆ ತೂರಿಸಿದಾಗ ನೋಟು ಅರ್ಧಕ್ಕೇ ಸಿಕ್ಕಿಕೊಂಡಿತು. ಹೊರಗೆ ಹೊಳಪು ಹಾಕಿದವರು ಒಳಗೆ ನೋಡಿರಲಿಲ್ಲ.

ವಾಣಿಶ್ರೀ ಜೇನು ಬಣ್ಣದ ಕೋವಿಯನ್ನು ಇನ್ನೊಮ್ಮೆ ಆಸೆಯಿಂದ ನೋಡಿದಳು. “ಮಾವ ಹೇಳಿದ್ದೇ ಆಗ್ಲಿ” ಎಂದಳು.

ಒಂದು ವರ್ಷದಿಂದ ಯಾರೂ ಕಂಠಪ್ಪನಿಗೆ ಆ ಮಾತು ಹೇಳಿರಲಿಲ್ಲ. ಅವನು ಹೆಗಲ ಟವಲು ಬೀಸಿ ಮಹದೇವಯ್ಯನ ಕೈಮೇಲೆ ಹಾಕಿ, ಒಳಗೆ ಬೆರಳು ಹಿಡಿದು ವ್ಯಾಪಾರಕ್ಕೆ ನಿಂತೇಬಿಟ್ಟ. ಎತ್ತಿನ ವ್ಯಾಪಾರ ನಡೆಯುವುದು ಹಾಗೆಯೇ, ಬೆಲೆಯೆಲ್ಲ ಬೆರಳಿನಲ್ಲಿ, ಬಾಯಲ್ಲಿ ಬರೀ ಹವಾಮಾನ. ಮಹದೇವಯ್ಯನ ಅಪ್ಪನೂ ಕೋಟೆ ಕಡೆಯ ಬೇಸಾಯದವನೇ. ಅವನೂ ಬೆರಳು ಒತ್ತಿದ. ಬೆಲೆ ಜಗ್ಗಲಿಲ್ಲ, ಒಂದು ಚೀಲ ಮಾತ್ರ ಪುಕ್ಕಟೆ ಸಿಕ್ಕಿತು. ಕಂಠಪ್ಪ ಅದನ್ನೇ ರಾಜ್ಯ ಗೆದ್ದವನಂತೆ ಹೆಗಲಿಗೇರಿಸಿಕೊಂಡು ಬಂದ.

ಒಂದು ತಿಂಗಳು ವಾಣಿಶ್ರೀ ಭಾನುವಾರ ಭಾನುವಾರ ಮೈದಾನಕ್ಕೆ ಹೋಗಿ ಅಭ್ಯಾಸ ಮಾಡಿದಳು. ಕೋವಿ ಹೇಳಿದ ಮಾತು ಕೇಳುತ್ತಿತ್ತು. ಇತ್ತ ಟೀ ಅಂಗಡಿಯಲ್ಲಿ ಕುಳ್ಳಯ್ಯ ಅದಕ್ಕೆ ‘ಮಲಗೋ ಎತ್ತು’ ಎಂದು ಹೆಸರಿಟ್ಟಿದ್ದ. ಬಂದವರು, ಹೋದವರು ಎಲ್ಲರ ಬಾಯಲ್ಲೂ ಅದೇ ಮಾತು. ಇಷ್ಟು ಜನರ ಕಣ್ಣು ಬಿದ್ದರೆ ಯಾವುದು ತಾನೇ ನೆಟ್ಟಗಿರುತ್ತದೆ ಎಂದು ಕಂಠಪ್ಪನಿಗೆ ಕಳವಳ ಶುರುವಾಯಿತು.

ಸ್ಪರ್ಧೆಯ ದಿನ ಬೆಳಿಗ್ಗೆ ವಾಣಿಶ್ರೀ ಹಾಲು ಅಳೆಸಿಕೊಳ್ಳಲು ಡೈರಿಗೆ ಹೋಗಿದ್ದಳು. ಕಂಠಪ್ಪ ಕೋವಿಯ ಚೀಲ ಬಿಚ್ಚಿದ. ತಾನು ಆರಿಸಿಕೊಟ್ಟ ಪ್ರತಿ ಎತ್ತಿನ ಕೊರಳಿಗೂ ಅವನು ಒಂದು ಕಪ್ಪು ದಾರ ಕಟ್ಟಿ ಕಳಿಸುತ್ತಿದ್ದ, ಮೂವತ್ತೆಂಟು ವರ್ಷದ ಪದ್ಧತಿ. ಬಿಳಿ ಜೋಡಿಗೆ ಅವಸರದಲ್ಲಿ ಕಟ್ಟಿರಲಿಲ್ಲ. ಈಗ ನಳಿಗೆಯನ್ನೂ ಮರವನ್ನೂ ಸೇರಿಸಿ ಮೂರು ಸುತ್ತು ಬಿಗಿದು, ಏಳು ಗಂಟು ಹಾಕಿದ. ಸೊಸೆ ಓದಿದವಳು, ಕಂಡರೆ ಬಯ್ಯುತ್ತಾಳೆ ಎಂದು ಗಂಟನ್ನು ಕಡ್ಡಿಯಿಂದ ಸಂದಿಯೊಳಕ್ಕೆ ತುರುಕಿ ಮುಚ್ಚಿಟ್ಟ. ಕಪ್ಪು ನಳಿಗೆ, ಕಪ್ಪು ದಾರ, ಏನೂ ಕಾಣುತ್ತಿರಲಿಲ್ಲ. ಕೋವಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಚೀಲ ಮುಚ್ಚಿದ. ಹತ್ತು ರೂಪಾಯಿಯ ನೋಟು ಆ ಹೊತ್ತಿಗೆ ಅವನ ನೆನಪಿನಲ್ಲೇ ಇರಲಿಲ್ಲ.

ಮೈದಾನದಲ್ಲಿ ಜನವೋ ಜನ. ಕುಳ್ಳಯ್ಯ ಅಂಗಡಿ ಮುಚ್ಚಿ, ಒಂದು ಟೆಂಪೋ ತುಂಬ ಹನಗೋಡಿನವರನ್ನು ಹೇರಿಕೊಂಡು ಬಂದು, ಹಗ್ಗದ ಈಚೆ ಕಂಠಪ್ಪನ ಪಕ್ಕದಲ್ಲೇ ನಿಂತ. ಒಬ್ಬೊಬ್ಬರಿಗೆ ಮೂರು ಗುಂಡು, ಮೂರು ನಿಮಿಷ. ದೂರದಲ್ಲಿ ಸುಣ್ಣ ಬಳಿದ ಹಲಗೆಯ ಮುಂದೆ ಕಾಯಿ. ದೂರದರ್ಶಕದಲ್ಲಿ ಕಣ್ಣಿಟ್ಟ ತೀರ್ಪುಗಾರರು ಮೈಕಿನಲ್ಲಿ ಕೂಗುತ್ತಿದ್ದರು. ಅದುವರೆಗೆ ಇಪ್ಪತ್ತಾರು ಜನ ಹೊಡೆದಿದ್ದರು, ಕೆ.ಆರ್. ನಗರದವನೊಬ್ಬ ಮೊದಲ ಗುಂಡಿಗೇ ಕಾಯಿ ಒಡೆದದ್ದು ಬಿಟ್ಟರೆ ಉಳಿದವರ ಕಾಯಿ ಅಡುಗೆಗೆ ಉಳಿದಿತ್ತು.

ವಾಣಿಶ್ರೀ ಮಲಗಿದಳು. ಮೊದಲ ಗುಂಡು ಹೊಡೆದಳು.

“ತಪ್ಪಿತು! ಬಲಕ್ಕೆ ನಾಲ್ಕು ಬೆರಳು!”

“ಮಲಗ್ತು ಕಣ್ರಪ್ಪಾ!” ಎಂದ ಕುಳ್ಳಯ್ಯ. ಟೆಂಪೋದವರೆಲ್ಲ ನಕ್ಕರು.

ಎರಡನೆಯದು.

“ಮತ್ತೆ ಬಲಕ್ಕೆ! ಅದೇ ಜಾಗ!”

ವಾಣಿಶ್ರೀ ತಲೆ ಎತ್ತಿ ಕೋವಿಯನ್ನು ನೋಡಿದಳು. ಗದ್ದೆಯಲ್ಲಿ ಮಲಗಿದ ಎತ್ತಿನ ಪಕ್ಕ ನಿಂತು ಭಾವಮೈದ ತನ್ನನ್ನು ನೋಡಿದ ನೋಟವನ್ನೇ ಕಂಠಪ್ಪ ಆ ಮುಖದಲ್ಲಿ ಕಂಡ. ಆ ಕ್ಷಣಕ್ಕೆ ಸಂದಿಯಲ್ಲಿ ಸರಿದುಹೋದ ಹತ್ತು ರೂಪಾಯಿಯ ನೋಟು ನೆನಪಾಯಿತು, ತಾನು ತುರುಕಿದ ಗಂಟೂ ನೆನಪಾಯಿತು. ಸುಮ್ಮನಿದ್ದರೆ ಕೋವಿಯೇ ಕೆಟ್ಟದ್ದೆಂದುಕೊಂಡು ಜನ ಮರೆತುಬಿಡುತ್ತಾರೆ. ಬಾಯಿಬಿಟ್ಟರೆ ಕೈಯಾರೆ ಕೆಡಿಸಿದ ಮುದುಕನೆಂದು ಕುಳ್ಳಯ್ಯನಿಗೆ ಹತ್ತು ವರ್ಷಕ್ಕಾಗುವಷ್ಟು ಸರಕು ಸಿಗುತ್ತದೆ. ಸಿಗಲಿ, ಹಾಳಾಗಿ ಹೋಗಲಿ ಎಂದುಕೊಂಡ.

“ವಾಣೀ!” ಎಂದು ಹಗ್ಗ ಹಿಡಿದು ಕೂಗಿದ. “ಕೋವಿ ತಪ್ಪಲ್ಲ ಕಣವ್ವ! ನಿನ್ ತಪ್ಪೂ ಅಲ್ಲ! ನಾನೇ ನಳಿಗೇಗೆ ದಾರ ಕಟ್ಟಿವ್ನಿ! ದೃಷ್ಟಿ ದಾರ!”

ಮೈದಾನದಲ್ಲೆಲ್ಲ ಎದ್ದ ನಗೆಗೆ ಪಕ್ಕದ ಹೊಗೆಸೊಪ್ಪಿನ ಹೊಲದ ಹಕ್ಕಿಗಳೆಲ್ಲ ಹಾರಿಹೋದವು. “ಹಗ್ಗ ದಾಟಬಾರದು! ಇನ್ನೊಂದು ನಿಮಿಷ!” ಎಂದರು ತೀರ್ಪುಗಾರರು, ಅವರೂ ನಗು ತಡೆಯುತ್ತಿದ್ದರು.

ವಾಣಿಶ್ರೀ ಕೋವಿಯ ತುದಿಯನ್ನು ಗುರಿಯ ಕಡೆಗೇ ಇಟ್ಟುಕೊಂಡು ಬೆರಳಿನಿಂದ ಕೆಳಗೆ ತಡಕಿದಳು. “ಎಷ್ಟು ಗಂಟು ಮಾವ?”

“ಏಳು!”

ಬಿಚ್ಚಲು ಹೊತ್ತಿರಲಿಲ್ಲ, ಕುಯ್ಯಲು ಕೈಯಲ್ಲಿ ಏನೂ ಇರಲಿಲ್ಲ. ಅವಳು ಒಂದು ಗಳಿಗೆ ಕಣ್ಣು ಮುಚ್ಚಿದಳು. “ಸಾರ್, ಎರಡೂ ಒಂದೇ ಜಾಗಕ್ಕೆ ತಾನೇ ಬಿದ್ದಿರೋದು?”

“ಹೌದಮ್ಮ, ಒಂದರ ಪಕ್ಕ ಒಂದು.”

“ಅಂಗಾದ್ರೆ ಸಾಕು” ಎಂದಳು. ಕೆನ್ನೆ ಕೋವಿಗೆ ಒರಗಿತು. ಕಾಯಿಯನ್ನು ಬಿಟ್ಟು, ಅದರ ಎಡಕ್ಕೆ ನಾಲ್ಕು ಬೆರಳಾಚೆಯ ಬರೀ ಹಲಗೆಗೆ ಗುರಿಯಿಟ್ಟು ಗುಂಡು ಬಿಟ್ಟಳು.

ಕಾಯಿ ಎರಡು ಹೋಳಾಗಿ, ನೀರು ಸುಣ್ಣದ ಹಲಗೆಯ ಮೇಲೆ ಹರಿಯಿತು.

ಕೆ.ಆರ್. ನಗರದವನು ಮೊದಲ ಗುಂಡಿಗೇ ಒಡೆದಿದ್ದರಿಂದ ಅವಳಿಗೆ ಎರಡನೆಯ ಬಹುಮಾನ. ಸಿಗಬಹುದಾಗಿದ್ದ ಮೊದಲನೆಯದು ಒಂದು ದಾರಕ್ಕೆ ಹೋಗಿತ್ತು. ಅವಳು ಹಗ್ಗ ದಾಟಿ ಬಂದಾಗ ಕಂಠಪ್ಪ ತಲೆ ತಗ್ಗಿಸಿದ. “ಬಯ್ಯವ್ವ” ಎಂದ.

“ಚಾಕು ಕೊಡಿ” ಎಂದು ಅವಳು ಕುಳ್ಳಯ್ಯನ ಕಡೆ ಕೈ ಚಾಚಿದಳು. ಕುಳ್ಳಯ್ಯ ಎಲೆಯಡಿಕೆ ಚೀಲದಿಂದ ಪುಟ್ಟ ಚಾಕು ತೆಗೆದುಕೊಟ್ಟ. ಕೊಟ್ಟವನು ಹೋಗದೆ ಅಲ್ಲೇ ತಲೆ ಕೆರೆಯುತ್ತಾ ನಿಂತ. “ಕಂಠಪ್ಪಣ್ಣ, ದಾರ ಬಿಗಿದ್ರೂ ನೀನಾರಿಸಿದ ಕೋವಿ ಒಂದೇ ಕಡೆ ಹೊಡೀತು ಕಣಣ್ಣ. ನಮ್ ಬೀಚನಹಳ್ಳಿ ಭಾವಂಗೆ ಒಂದು ಕರಾವಿನ ಹಸ ಬೇಕಿತ್ತು. ನೀನೊಂದ್ಸಲ ಬಂದು ನೋಡ್ತೀಯಾ?”

“ಒಂದ್ಸಲ ನೋಡಿದ್ರೆ ಆಗಲ್ಲ ಕಣ್ಲಾ. ಐದು ದಿನ ನಾನೇ ಕರೆದು ನೋಡ್ಬೇಕು. ಒಪ್ಪಿದ್ರೆ ಹೇಳು.”

ಅಷ್ಟರಲ್ಲಿ ವಾಣಿಶ್ರೀ ದಾರವನ್ನು ಕುಯ್ದು ತೆಗೆದಿದ್ದಳು. “ಜನ ಕಣ್ಣು ಹಾಕೋದು ಕೋವಿಗಲ್ಲ ಮಾವ, ನಿಮಗೆ” ಎಂದಳು. “ಕೈ ನೀಡಿ.”

ಅವನು ಕೈ ನೀಡಿದ. ಅವಳು ಮಣಿಕಟ್ಟಿಗೆ ದಾರ ಸುತ್ತಿ, ಒಂದೊಂದಾಗಿ ಏಳು ಗಂಟು ಹಾಕಿದಳು. ಮೂರನೆಯ ಗಂಟಿಗೇ ಕಂಠಪ್ಪನ ಕಣ್ಣು ತುಂಬಿ ಬಂತು. ಕುಳ್ಳಯ್ಯ ಎದುರಿಗೇ ನಿಂತು ನೋಡುತ್ತಿದ್ದ. ಕಂಠಪ್ಪ ಕಣ್ಣು ಒರೆಸಿಕೊಳ್ಳಲಿಲ್ಲ.