ನಾಲ್ಕನೆಯ ಸಿಪ್ಪೆ

ಭಾನುವಾರ ಬೆಳಿಗ್ಗೆ ಆಶಾರಾಣಿ ಚಂದಾಪುರದ ಬಾಡಿಗೆ ಮನೆಯಲ್ಲಿ ಎರಡು ಕೆಜಿ ಅವರೆಕಾಯಿ ಸುರಿದುಕೊಂಡು ಸುಲಿಯುತ್ತಿದ್ದಳು. ಎದುರಿಗೆ ಮೂರೂವರೆ ವರ್ಷದ ಮಗಳು ಯಶಿಕಾ, ಪಕ್ಕದಲ್ಲಿ ಸ್ಲೇಟು. ಗೋಡೆಯ ಮೇಲೆ ಆಶಾರಾಣಿಯ ತೀರಿಹೋದ ಅಪ್ಪ ಗಂಗಪ್ಪನ ಫೋಟೊ. ಮಗು ಬರೆಯಲು ಕೂರುವ ಜಾಗಕ್ಕೆ ಸರಿಯಾಗಿ ಅದನ್ನು ತೂಗುಹಾಕಿದವಳು ಅವಳೇ. “ತಾತ ನೋಡ್ತಿದಾರೆ, ತಪ್ಪಿದ್ರೆ ಹೊಡೀತಾರೆ” ಎಂದರೆ ಸಾಕು, ಮಗು ಗಪ್‌ಚಿಪ್.

“ಒನ್, ಟೂ, ತ್ರೀ...” ಯಶಿಕಾ ಐವತ್ತರ ತನಕ ಗಡಗಡನೆ ಒಪ್ಪಿಸಿದಳು.

“ಹಂಗಾದ್ರೆ ಐದು ಕಾಳು ಕೊಡು.”

ಮಗು ಹಿಡಿ ತುಂಬ ಕೊಟ್ಟಿತು.

“ಎಣಿಸಿ ಕೊಡೇ!”

ಯಶಿಕಾಳ ಕೈಗಳೆರಡೂ ಬೆನ್ನ ಹಿಂದೆ ಹೋದವು. ಮೊಣಕೈ ಮೆಲ್ಲಗೆ ಮಿಸುಕುತ್ತಿತ್ತು.

“ಬೆರಳು ಮಡಚ್ತೀಯಾ? ತೆಗಿ ಕೈ ಮುಂದಕ್ಕೆ!”

ಹೇಳಿದ ಮೇಲೆ ಆಶಾರಾಣಿ ಸುಲಿಯುತ್ತಿದ್ದ ಕಾಯಿಯನ್ನು ಕೆಳಗಿಟ್ಟಳು. ಅದು ಅಪ್ಪನ ಮಾತು, ಅಪ್ಪನ ದನಿ. ಚಿಕ್ಕಂದಿನಲ್ಲಿ ಆ ಮಾತಿನ ಹಿಂದೆಯೇ ಅವಳ ಗೆಣ್ಣಿನ ಮೇಲೆ ಅಡಿಕೋಲು ಬೀಳುತ್ತಿತ್ತು. ಈಗಲೂ ಗಾರ್ಮೆಂಟ್ಸಿನಲ್ಲಿ ಷರಟು ಎಣಿಸುವಾಗ ಅವಳು ಬೆರಳು ಮಡಚುವುದು ಮೇಜಿನ ಕೆಳಗೇ. ಯಾರೂ ಹೊಡೆಯದಿದ್ದರೂ ಗೆಣ್ಣು ನೋಯುತ್ತದೆ.

“ಬಿಡೇ, ಆಡ್ಕೊಳ್ಲಿ. ಇನ್ನೂ ಮಗು” ಎಂದ ಗಂಡ ಲೋಕೇಶ್.

“ಎಲ್‌ಕೆಜಿ ಇಂಟರ್‌ವ್ಯೂನಲ್ಲಿ ಕೇಳ್ತಾರೆ ಕಣ್ರೀ. ಸೀಟು ಸಿಗ್ದಿದ್ರೆ ಏನ್ ಮಾಡ್ತೀರ?”

ಲೋಕೇಶ್ ಹಾಲು ತರಲು ಹೊರಟ. ಆಶಾರಾಣಿ ದಡದಡನೆ ಅಡುಗೆಮನೆಗೆ ಹೋಗಿ ನೀರು ಕುಡಿದಳು.

ತಿರುಗಿ ಬಂದಾಗ ಯಶಿಕಾ ಅವರೆಯ ಸಿಪ್ಪೆಗಳನ್ನು ತಟ್ಟೆಗಳಂತೆ ಸಾಲಾಗಿಟ್ಟು, ಒಂದೊಂದಕ್ಕೂ ಎರಡೆರಡು ಕಾಳು ಬಡಿಸುತ್ತಿದ್ದಳು. ಒಂದು ಸಿಪ್ಪೆಗೆ ಮೂರು ಬಿತ್ತು. ತಾನೇ ನೋಡಿ ಒಂದನ್ನು ವಾಪಸ್ ತೆಗೆದಳು. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

“ಅಮ್ಮಂಗೆ, ಅಪ್ಪಂಗೆ, ನಂಗೆ...” ಇನ್ನೂ ಒಂದು ಸಿಪ್ಪೆ ಇಟ್ಟಳು.

“ಇದ್ಯಾರಿಗೆ ಪುಟ್ಟಾ? ನಾವು ಮೂರೇ ಜನ ಅಲ್ವಾ?”

“ತಾತಂಗೆ.” ಮಗು ಫೋಟೊ ಕಡೆ ನೋಡದೆ ಪಿಸುಗುಟ್ಟಿತು. “ಊಟ ಹಾಕಿದ್ರೆ ಹೊಡೆಯಲ್ಲ.”

ಆಶಾರಾಣಿ ಫೋಟೊ ಕಡೆ ನೋಡಿದಳು. ಅಪ್ಪ ಸತ್ತು ಆರು ವರ್ಷ. ಅವನನ್ನು ಅಡಿಕೋಲಿನ ಸಮೇತ ಈ ಮನೆಗೆ ಕರೆತಂದವಳು ತಾನೇ.

ಅವಳು ಫೋಟೊದ ಎದುರಿಗೇ ಚಕ್ಕಳಮಕ್ಕಳ ಹಾಕಿ ಕೂತಳು. ಬಲಗೈ ಚಾಚಿ ಐದೂ ಬೆರಳು ಅಗಲಿಸಿದಳು. ಗೆಣ್ಣು ಚುಳ್ ಎಂದಿತು. ಕೈ ಹಿಂದಕ್ಕೆ ತೆಗೆಯಲಿಲ್ಲ.

“ಒಂದೊಂದು ಬೆರಳಿಗೂ ಒಂದೊಂದು ಕಾಳು ಇಡು.”

“ತಪ್ಪಾದ್ರೆ?”

“ಇನ್ನೊಂದ್ ಸಲ ಎಣಿಸೋಣ.”

ಯಶಿಕಾ ಎಡಗೈಯನ್ನು ಬೆನ್ನ ಹಿಂದಿಟ್ಟುಕೊಂಡೇ ಒಂದು, ಎರಡು, ಮೂರು ಎಂದು ಇಡುತ್ತ ಹೋದಳು. ಐದನೆಯದು ಜಾರಿ ಬಿತ್ತು. ಹೆದರಿ ಅಮ್ಮನ ಮುಖ ನೋಡಿದಳು. ಆಶಾರಾಣಿ ಕೈ ಚಾಚಿಕೊಂಡೇ ಇದ್ದಳು. ಮಗು ಕಾಳು ಹೆಕ್ಕಿ ಮತ್ತೆ ಇಟ್ಟಿತು. ಆಮೇಲೆ ಬೆನ್ನ ಹಿಂದಿದ್ದ ಎಡಗೈಯನ್ನು ಮುಂದೆ ಚಾಚಿತು.

“ಈಗ ನನ್ನ ಬೆರಳಿಗೂ ಕಾಳು ಇಡು.”