ಎರಡು ರಿಮೋಟು, ಒಂದು ವಿಮಾನ

ಕೈ ನಡುಗಲು ಶುರುವಾದ ಮೇಲೆ ಕ್ಷೌರದಂಗಡಿಯ ಯಜಮಾನರು ಅಂಗಡಿಗೆ ಬೀಗ ಹಾಕಿ ಮನೆಯಲ್ಲಿ ಕೂತರು. ಕೂತವರು ಸುಮ್ಮನೆ ಕೂರಬಾರದೇ? ಹೆಂಡತಿ ಪಾತ್ರೆ ತೊಳೆದದ್ದರಲ್ಲೂ ತಪ್ಪು ಹುಡುಕತೊಡಗಿದರು. ಕಾಟ ತಾಳಲಾರದೆ ಆಕೆಯೇ ಅವರನ್ನು ಊರಾಚೆಯ ಬಯಲಿಗೆ, ಪುಟ್ಟ ವಿಮಾನ ಹಾರಿಸುವವರ ಕ್ಲಬ್ಬಿಗೆ ಅಟ್ಟಿದಳು.

ಕ್ಲಬ್ಬಿನವರು ಹೊಸಬರನ್ನು ಹೊಸ ಅಳಿಯನಂತೆ ನೋಡಿಕೊಳ್ಳುತ್ತಿದ್ದರು. ಕುರ್ಚಿ ಹಾಕಿದರು, ಟೋಪಿ ಕೊಟ್ಟರು, ಚಹಾ ಕೊಟ್ಟರು. ಕಲಿಸುವವರ ಹೆಸರು ‘ಕ್ಯಾಪ್ಟನ್’. ನಿಜವಾದ ವಿಮಾನ ಹತ್ತಿದವರೇ ಅಲ್ಲ. ಏಣಿ ಹತ್ತಿದರೂ ತಲೆ ಸುತ್ತುತ್ತದಂತೆ. ಎರಡು ರಿಮೋಟುಗಳ ನಡುವೆ ಒಂದು ವೈರು. ಕ್ಯಾಪ್ಟನ್ ತಮ್ಮ ರಿಮೋಟಿನ ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ವಿಮಾನ ಶಿಷ್ಯನ ಕೈಯಲ್ಲಿ. ಬಿಟ್ಟರೆ ಗುರುವಿನ ಕೈಗೆ ವಾಪಸ್ಸು.

ಯಜಮಾನರು ಮೊದಲ ದಿನವೇ ವಿಮಾನವನ್ನು ನೀಟಾಗಿ ಸುತ್ತು ಹೊಡೆಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮುಂದಿನ ವಾರವೂ ಅಷ್ಟೇ, ಅದರ ಮುಂದಿನ ವಾರವೂ ಅಷ್ಟೇ. ಅವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆಕಾಶದಲ್ಲಿ ವಿಮಾನ ತಿರುಗಿಸುವ ಕೈಗೆ ಒಂದು ಗಡ್ಡ ಯಾವ ಲೆಕ್ಕ? ಸೋಮವಾರ ಅಂಗಡಿ ತೆರೆಯುವುದೆಂದು ತೀರ್ಮಾನಿಸಿ, ಕತ್ತಿಗಳಿಗೆ ಸಾಣೆ ಹಿಡಿಸಿಕೊಂಡೂ ಬಂದರು.

ಹಿಂದಿನ ದಿನ ಭಾನುವಾರ, ವಿಮಾನ ಮೇಲಿರುವಾಗ ಯಜಮಾನರಿಗೆ ಸೀನು ಬಂತು. ಅಂತಿಂಥ ಸೀನಲ್ಲ, ಎರಡೂ ಕೈ ಮೂಗಿಗೆ ಹೋದವು, ರಿಮೋಟು ಕೊರಳ ಪಟ್ಟಿಯಲ್ಲಿ ನೇತಾಡಿತು. ಕಣ್ಣೊರೆಸಿಕೊಂಡು ನೋಡಿದರೆ ವಿಮಾನ ತನ್ನ ಪಾಡಿಗೆ ಎಡಕ್ಕೆ ತಿರುಗಿ ಚೆಂದದ ಸುತ್ತು ಹೊಡೆಯುತ್ತಿತ್ತು.

“ಕ್ಯಾಪ್ಟನ್ನೋರೇ, ಗುಂಡಿ ಒತ್ತಿದ್ದೀರಾ?”

ಕ್ಯಾಪ್ಟನ್ ಮುಖ ಹುಳ್ಳಗಾಯಿತು. “ನಿಮ್ಮ ಕೈ ನೋಡಿ ನಾನೇ ಹಾರಿಸ್ತಿದ್ದೆ… ಬೇಜಾರಾಗಬಾರ್ದು ಅಂತ.”

“ಒಂದ್ಸಲಾನೂ ಒತ್ತಿಲ್ವಾ?”

“ಇಲ್ಲ.”

“ನಾಳೆ ಅಂಗಡಿ ತೆಗೀತಿದ್ದೆ ಸ್ವಾಮಿ. ಯಾರದೋ ಕುತ್ತಿಗೆ ಮೇಲೆ ಕತ್ತಿ ಇಡ್ತಿದ್ದೆ.” ಯಜಮಾನರು ನೇತಾಡುತ್ತಿದ್ದ ರಿಮೋಟನ್ನು ಮತ್ತೆ ಕೈಗೆತ್ತಿಕೊಂಡರು. “ಈಗ ಒತ್ತಿ. ಏನೇ ಆದ್ರೂ ಬೆರಳು ತೆಗೀಬೇಡಿ.”

ಅದು ಕ್ಯಾಪ್ಟನ್ ಸ್ವಂತ ಕೈಯಾರೆ ಕಟ್ಟಿದ ವಿಮಾನ. ಅದನ್ನೊಮ್ಮೆ ನೋಡಿ ಗುಂಡಿ ಒತ್ತಿದರು.

ವಿಮಾನ ಕುಡುಕನಂತೆ ತೂರಾಡಿತು. ಏರಿತು, ಜಾರಿತು, ಸಾವರಿಸಿಕೊಂಡಿತು. ತಿರುಗಿ ಎದುರಿಗೆ ಬರುವಾಗ, ಹೊಸಬರೆಲ್ಲ ಎಡವುವಲ್ಲೇ ಯಜಮಾನರೂ ಎಡವಿದರು. ಎದುರು ಬರುವ ವಿಮಾನದ ಎಡ ನಮಗೆ ಬಲ. ಸರಿಮಾಡಲು ಹೋದಷ್ಟೂ ವಾಲಿತು. ಕ್ಯಾಪ್ಟನ್ ಹಣೆಯಲ್ಲಿ ಬೆವರಿಳಿಯಿತು, ಬೆರಳು ಮಾತ್ರ ಗುಂಡಿ ಬಿಡಲಿಲ್ಲ. ದೂರದ ಹುಲ್ಲಿನಲ್ಲಿ ಪಟಾರ್ ಎಂದು ಸದ್ದಾಯಿತು.

ಯಾರದೇ ವಿಮಾನ ಬಿದ್ದರೂ ಎಲ್ಲರೂ ತಮ್ಮ ತಮ್ಮದನ್ನು ಇಳಿಸಿ ಚೂರು ಹುಡುಕಲು ಹೋಗುವುದು ಆ ಕ್ಲಬ್ಬಿನ ವಾಡಿಕೆ. ಅಂದೂ ಹೋದರು. ಯಾರೂ ಚಪ್ಪಾಳೆ ತಟ್ಟಲಿಲ್ಲ, ‘ಪರವಾಗಿಲ್ಲ ಬಿಡಿ’ ಎನ್ನಲಿಲ್ಲ. ಮುರಿದ ರೆಕ್ಕೆಯನ್ನು ಕ್ಯಾಪ್ಟನ್ ಯಜಮಾನರ ಕೈಗೇ ಕೊಟ್ಟರು.

“ಮುಂದಿನ ವಾರ ಇಬ್ರೂ ಕೂತು ಅಂಟಿಸೋಣ. ಇನ್ಮೇಲೆ ನಿಮ್ಮ ಹಾರಾಟ ನಿಮ್ದೇ,” ಎಂದರು. ಅಷ್ಟು ದಿನದ ಕುರ್ಚಿ, ಚಹಾಗಳಿಗಿಂತ ಆ ಮಾತು ಯಜಮಾನರಿಗೆ ಹಿತವಾಯಿತು.

ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಹೆಂಡತಿಗೆ ಹೇಳಿದರು: “ಅಂಗಡೀನ ಬಾಡಿಗೆಗೆ ಕೊಟ್ಬಿಡೋಣ ಕಣೇ.”

“ಯಾಕ್ರೀ? ಇವತ್ತು ವಿಮಾನ ಹಾರಿಸ್ಲಿಲ್ವಾ?”

“ಹಾರಿಸ್ದೆ,” ಎಂದರು ಯಜಮಾನರು. “ಬಿತ್ತು. ನಾನೇ ಬೀಳಿಸ್ದೆ.”