ಪಕ್ಕದ ಕೊಂಬೆ

ಬಸ್ಸಿನಲ್ಲಿ ಪಕ್ಕ ಕುಳಿತ ಹೆಂಗಸು ನನ್ನ ಮಡಿಲಲ್ಲಿದ್ದ ಗಿಡದ ಕುಂಡವನ್ನು ಮತ್ತೆ ಮತ್ತೆ ನೋಡಿ, ಕೊನೆಗೆ ತಡೆಯಲಾರದೆ ಕೇಳಿದರು.

"ಇದು ಎಲ್ಲಾದ್ರೂ ಬಿತ್ತೇನಮ್ಮ?"

"ಇಲ್ಲ, ಬೆಳೆದಿದ್ದೇ ಹೀಗೆ," ಅಂದೆ. "ಡಾಕ್ಟರ ಹತ್ರ ಕರ್ಕೊಂಡು ಹೋಗ್ತಿದ್ದೀನಿ."

ಡಾಕ್ಟರೆಂದರೆ ನನ್ನ ಅಕ್ಕ. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವವಳು. ಗಿಡದ ವಿಷಯಕ್ಕೆ ಬಂದರೆ ನಮ್ಮಲ್ಲಿ ಅವಳು ಹೇಳಿದ್ದೇ ವೇದವಾಕ್ಯ. ಅವಳ ಕಾಲು ಉಳುಕಿದೆ ಎಂದು ಭಾವ ಫೋನಿನಲ್ಲಿ ಹೇಳಿದ್ದರು. ನೋಡಿದ ಹಾಗೂ ಆಯಿತು, ಗಿಡ ತೋರಿಸಿದ ಹಾಗೂ ಆಯಿತು ಎಂದು ಯಾರಿಗೂ ಹೇಳದೆ ಹೊರಟಿದ್ದೆ. ಅವಳ ಮನೆಗೆ ನಾನು ಹೋಗಿ ಎಷ್ಟೋ ವರ್ಷವಾಗಿತ್ತು. ಬರುತ್ತೇನೆ ಎಂದಾಗಲೆಲ್ಲ ಮನೆಗೆ ಬಣ್ಣ ಹೊಡೆಸುತ್ತಿರುತ್ತಿದ್ದಳು, ಇಲ್ಲವೆ ತಾನೇ ನನ್ನಲ್ಲಿಗೆ ಬಂದುಬಿಡುತ್ತಿದ್ದಳು.

ಈ ಗಿಡದ ತಾಯಿಮರ ನಮ್ಮ ಅಪ್ಪನದು. ಸೂಜಿ ಎಲೆಯ ಮರ, ಕೆಳಗೆ ಅಗಲ, ಮೇಲೆ ಹೋದಂತೆ ಚೂಪು. ಡಬ್ಬಿಯಲ್ಲಿ ತಂದದ್ದನ್ನು ಬಾಡಿಗೆ ಮನೆಯ ಅಂಗಳದಲ್ಲಿ ನೆಟ್ಟು, ಅದು ಟೆರೇಸಿನ ಎತ್ತರ ಮೀರುವವರೆಗೂ ಸಾಕಿದರು. ಅದಕ್ಕೆ 'ಮೂರನೆಯವಳು' ಎಂದು ಹೆಸರಿಟ್ಟಿದ್ದರು. "ನನ್ನ ಮೂರು ಹೆಣ್ಮಕ್ಕಳಲ್ಲಿ ಎದುರು ಮಾತಾಡದೆ ಇರೋಳು ಇವಳೊಬ್ಬಳೇ," ಎನ್ನುತ್ತಿದ್ದರು. ಅಪ್ಪ ಹೋದ ಮೇಲೆ ಮನೆಯ ಮಾಲೀಕರು ಅಂಗಳದಲ್ಲಿ ಕಟ್ಟಡ ಏಳಿಸಲು ಹೊರಟರು. ಮರ ಕಡಿಯುವವರು ಬರುವ ಹಿಂದಿನ ದಿನ ಅಕ್ಕ ಬಂದಳು.

"ತುಂಡು ತಗೊಂಡು ಬೇರು ಬರಿಸೋಣ. ಇಬ್ಬರಿಗೂ ಒಂದೊಂದು," ಅಂದಳು.

ಏಣಿ ಹಿಡಿದುಕೊಂಡವಳು ನಾನೇ. ಅವಳು ಮೇಲೆ ಹತ್ತಿ ಕತ್ತರಿಸಿ, ಎರಡನ್ನೂ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡೇ ಇಳಿದಳು. ಒಂದನ್ನು ಬಿಚ್ಚಿ ನನ್ನ ಕೈಗಿಟ್ಟಳು, ಇನ್ನೊಂದು ಅವಳ ಚೀಲ ಸೇರಿತು. ಹೇಗೆ ನೆಡಬೇಕೆಂದು ನಿಂತು ಹೇಳಿಕೊಟ್ಟಳು. ಬುಡದ ಎಲೆ ಕೀಳು, ಸಿಪ್ಪೆ ತುಸು ಕೆರೆ, ಬೇರು ಬರಿಸುವ ಪುಡಿಯಲ್ಲಿ ಅದ್ದು, ಮರಳು ಮತ್ತು ತೆಂಗಿನನಾರಿನ ಪುಡಿ ಬೆರೆಸಿ ನೆಡು, ಮೇಲೆ ಪ್ಲಾಸ್ಟಿಕ್ ಚೀಲ ಮುಚ್ಚು, ಬಿಸಿಲಿಗಿಡಬೇಡ. ಮುಖ್ಯವಾಗಿ ಬೇರು ಬಂತಾ ಎಂದು ಕಿತ್ತು ನೋಡಬೇಡ. ಅಪ್ಪ ಇದ್ದಾಗ ಅವರ ಜೊತೆ ಮಣ್ಣಿನಲ್ಲಿ ಕೈಯಾಡಿಸಿದವಳು ಅವಳು. ನಾನು ಹೊಲಿಗೆ ಮಿಷನ್ನಿನ ಮುಂದೆ ಕುಳಿತವಳು. ಅವಳು ಹೇಳಿದ್ದನ್ನು ಒಂದಿಷ್ಟೂ ತಪ್ಪದೆ ಮಾಡಿದೆ.

ಬೇರು ಬಂತು. ಅಂಗಡಿಯಲ್ಲಿ ಬಟ್ಟೆ ಕೊಡಲು ಬಂದವರಿಗೆಲ್ಲ ಹೇಳಿದೆ. ಅಕ್ಕನಿಗೆ ಫೋನು ಮಾಡಿದರೆ, "ನಂದು ಕೊಳೆತುಹೋಯ್ತು ಕಣೇ," ಅಂದಳು. ನನಗೆ ಅಳುವೇ ಬಂತು. "ಅಳಬೇಡ, ನಂದು ದೊಡ್ಡದಾಗ್ಲಿ, ಅದರಲ್ಲೇ ಒಂದು ತುಂಡು ಕೊಡ್ತೀನಿ," ಎಂದೆ. ಅವಳು ಅಳುತ್ತಲೇ ಇರಲಿಲ್ಲ, ಅದು ಈಗ ಹೊಳೆಯುತ್ತದೆ.

ಗಿಡ ಬೆಳೆಯಿತು, ಆದರೆ ಮೇಲಕ್ಕಲ್ಲ. ಪಕ್ಕಕ್ಕೆ, ಬೀಸಣಿಗೆಯ ಹಾಗೆ ಚಪ್ಪಟೆಯಾಗಿ. ಅಕ್ಕನನ್ನು ಕೇಳಿದರೆ, "ಕೋಲು ಕಟ್ಟು, ಏಳುತ್ತೆ," ಎಂದಳು. ಕಟ್ಟಿದೆ. ಏಳಲಿಲ್ಲ. "ದಪ್ಪ ಕೋಲು ಕಟ್ಟು." ಅದನ್ನೂ ಕಟ್ಟಿದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತಾರೆ. ನನ್ನ ಗಿಡ ಬಗ್ಗಿಕೊಂಡೇ ಹುಟ್ಟಿತ್ತು, ಏಳಿಸುವುದೇ ನನ್ನ ಕಷ್ಟ. ನಾಲ್ಕು ವರ್ಷ ಹೀಗೇ ನಡೆಯಿತು. ಬಟ್ಟೆಯ ಅಂಚು ಕೂದಲೆಳೆಯಷ್ಟು ಸೊಟ್ಟಗಾದರೂ ಬಿಚ್ಚಿ ಹೊಲಿಯುವವಳು ನಾನು. ದಿನ ಬೆಳಗಾದರೆ ಅದನ್ನು ನೋಡಿ, ಅಪ್ಪನ ಮರಕ್ಕೆ ನನ್ನ ಕೈಯೇ ಆಗಿಬರಲಿಲ್ಲ ಎಂದು ನನ್ನನ್ನೇ ಬೈದುಕೊಳ್ಳುತ್ತಿದ್ದೆ.

ಅಕ್ಕನ ಮನೆಯ ಬಾಗಿಲು ತೆಗೆದುಕೊಟ್ಟವರು ಎದುರುಮನೆಯ ಟೀಚರು. ಭಾವ ಕೆಲಸಕ್ಕೆ ಹೋಗುವಾಗ ಬೀಗದಕೈಯನ್ನು ಅವರಲ್ಲಿ ಕೊಟ್ಟಿದ್ದರು. ಅಕ್ಕ ಕಾಲಿಗೆ ಪಟ್ಟಿ ಸುತ್ತಿಕೊಂಡು ಸೋಫಾದಲ್ಲಿದ್ದಳು. ನನ್ನನ್ನು ನೋಡಿ ಅವಳ ಕಣ್ಣು ಮೊದಲು ಹೋದದ್ದು ಬಾಲ್ಕನಿಯ ಕಡೆಗೆ. ನಾನೂ ಅತ್ತ ನೋಡಿದೆ.

ಮೂರನೆಯವಳು ನಿಂತಿದ್ದಳು. ನನ್ನ ಎದೆಯೆತ್ತರ, ಸುತ್ತಲೂ ಸಮನಾದ ಕೊಂಬೆ, ದಾರ ಇಳಿಬಿಟ್ಟಷ್ಟು ನೆಟ್ಟಗೆ. ಮೇಲೆ ಎರಡು ಮೂರು ಕಡೆ ಕತ್ತರಿಸಿದ ಗುರುತಿತ್ತು, ನಾನು ಅದನ್ನು ಅಷ್ಟಾಗಿ ಗಮನಿಸಲಿಲ್ಲ.

"ಕೊಳೆತುಹೋಯ್ತು ಅಂದಿದ್ಯಲ್ಲ," ಎಂದೆ.

ನಾನು ನನ್ನ ಕುಂಡವನ್ನು ಅವಳ ಮುಂದೆ ನೆಲದ ಮೇಲಿಟ್ಟೆ.

"ನಿಂದು ನಿಂತಿದೆ. ನಂದು ಯಾಕೆ ಮಲಗಿದೆ?"

"ನಿಂದು ಪಕ್ಕದ ಕೊಂಬೆ," ಅಂದಳು, ನೆಲ ನೋಡುತ್ತಾ. "ಈ ಜಾತಿ ಹಾಗೇ. ಪಕ್ಕದ ಕೊಂಬೆ ನೆಟ್ರೆ ಸಾಯೋ ತನಕ ಪಕ್ಕಕ್ಕೇ ಬೆಳೆಯೋದು. ತುದಿ ನೆಟ್ರೆ ಮಾತ್ರ ಮೇಲಕ್ಕೆ. ಅಪ್ಪ ಹೇಳಿಕೊಟ್ಟಿದ್ರು."

"ಏಣಿ ಮೇಲೆ ಇದ್ದಾಗ್ಲೇ ನಿನಗೆ ಗೊತ್ತಿತ್ತು."

"ಮರಕ್ಕೆ ತುದಿ ಒಂದೇ ಕಣೇ. ನಾವಿಬ್ರು. ಅದಕ್ಕೆ ನೀರು ಹಾಕಿದೋಳು ನಾನು. ನೀನು ಒಂದು ದಿನ ಮಿಷನ್ ಬಿಟ್ಟು ಎದ್ದು ಬಂದಿದ್ಯಾ?"

ಆ ಮಾತಿನಲ್ಲಿ ನಿಜವಿತ್ತು, ಅದಕ್ಕೇ ಉರಿಯಿತು. "ಕೇಳಿದ್ರೆ ನಾನೇ ಕೊಡ್ತಿದ್ದೆ. ಸಿಟ್ಟು ನೀನು ತಗೊಂಡಿದ್ದಕ್ಕಲ್ಲ ಅಕ್ಕ. ಏಳಲ್ಲ ಅಂತ ಗೊತ್ತಿದ್ದೂ ನಾಲ್ಕು ವರ್ಷ ನನ್ನ ಕೈಲಿ ಕೋಲು ಯಾಕೆ ಕಟ್ಟಿಸ್ದೆ?"

"ಒಂದು ಸಲ ಸುಳ್ಳು ಹೇಳಿ ಆಗಿತ್ತು. ಆಮೇಲೆ ಹೇಗೆ ಹೇಳ್ಲಿ? ಇನ್ನೊಂದು ತುದಿ ಇದ್ದಿದ್ರೆ ನಿನಗೇ ಕೊಡ್ತಿದ್ದೆ, ಅಪ್ಪನಾಣೆ."

ಅವಳ ಕಣ್ಣು ತುಂಬಿತ್ತು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ನೋಡಿ, ನನ್ನ ಸಿಟ್ಟು ಕರಗಿತು. ಅವಳಿಗೆ ನೀರು ತಂದುಕೊಟ್ಟೆ, ಕಾಲಿನ ಕೆಳಗೆ ದಿಂಬು ಸರಿಮಾಡಿದೆ. ಹೋಗಲಿ, ಇಬ್ಬರಲ್ಲಿ ಒಬ್ಬಳ ಮನೆಯಲ್ಲಾದರೂ ಅಪ್ಪನ ಮರ ನಿಂತಿದೆ ಎಂದು ಮನಸ್ಸಿಗೆ ಹೇಳಿಕೊಂಡೆ. ಕುಂಡ ಎತ್ತಿಕೊಂಡು ಬಾಗಿಲು ಎಳೆದುಕೊಂಡು ಹೊರಬಂದೆ.

ಬೀಗದ ಸದ್ದಿಗೆ ಟೀಚರು ಬಾಗಿಲು ತೆರೆದರು. ನನ್ನ ಕೈಲಿದ್ದುದನ್ನು ನೋಡಿ ಮರುಗಿದರು.

"ಅಯ್ಯೋ ಪಾಪ, ನಿಮ್ದು ವಾಲಿಬಿಟ್ಟಿದೆ. ನಮ್ದು ನೋಡಿ."

ಅವರ ಬಾಗಿಲ ಮಗ್ಗುಲಲ್ಲಿ ನೀಲಿ ಬಕೆಟ್ಟಿನೊಳಗೆ ಮೊಣಕಾಲೆತ್ತರದ ಗಿಡವಿತ್ತು. ನೆಟ್ಟಗೆ.

"ನಿಮ್ಮಕ್ಕನೇ ಕೊಟ್ಟಿದ್ದು. ದೊಡ್ಡ ಗಿಡದ ತುದಿ ಕತ್ತರಿಸ್ತಾರೆ, ಸ್ವಲ್ಪ ಕೆಳಗಿಂದ ಹೊಸ ತುದಿ ಬರುತ್ತೆ. ಕತ್ತರಿಸಿದ್ದಕ್ಕೆ ಬೇರು ಬರಿಸಿ ಕೊಡ್ತಾರೆ. ಮೇಲಿನ ಮನೆಗೂ ಕೊಟ್ರು, ಆಸ್ಪತ್ರೆಲಿ ಯಾರಿಗೋ ಕೊಟ್ರು. ಕೇಳಿದವರಿಗೆ ಇಲ್ಲ ಅನ್ನಲ್ಲ. ನೀವು ಸ್ವಂತ ತಂಗಿ, ಒಂದು ಮಾತು ಕೇಳಬೇಕಿತ್ತು."

ನನಗೆ ಕೊಟ್ಟರೆ ಸುಳ್ಳು ಒಪ್ಪಿಕೊಂಡ ಹಾಗಾಗುತ್ತಿತ್ತು. ಆದ್ದರಿಂದ ನನ್ನನ್ನು ಬಿಟ್ಟು ಕಂಡವರಿಗೆಲ್ಲ ಕೊಟ್ಟಳು. ಅಪ್ಪನಾಣೆ ಇಟ್ಟು ಇನ್ನೂ ಒಂದು ಲೋಟ ನೀರು ಇಳಿಯುವಷ್ಟು ಹೊತ್ತೂ ಆಗಿರಲಿಲ್ಲ.

ಮೆಟ್ಟಿಲ ಮೇಲೆ ಕುಳಿತು ಗಿಡಕ್ಕೆ ಕಟ್ಟಿದ್ದ ದಾರಗಳನ್ನು ಒಂದೊಂದಾಗಿ ಬಿಚ್ಚಿದೆ. ಎಲ್ಲ ನನ್ನದೇ ಗಂಟು, ಬಿಗಿಯಾಗಿದ್ದವು. ದಾರ ಕೂತಲ್ಲೆಲ್ಲ ಎಳೆಯ ಕಾಂಡದ ಮೇಲೆ ಕಪ್ಪು ಬರೆ ಎದ್ದಿತ್ತು. ಕೋಲು ಕಿತ್ತ ಕೂಡಲೆ ಗಿಡ ತನ್ನ ಪಾಡಿಗೆ ಪಕ್ಕಕ್ಕೆ ಚಾಚಿಕೊಂಡಿತು. ಇಷ್ಟು ವರ್ಷ ಅದನ್ನು ಸುಮ್ಮನೆ ಹಿಂಸಿಸಿದೆನಲ್ಲ ಎಂದು ಸಂಕಟವಾಯಿತು.

"ಯಾಕೆ ಕಿತ್ರಿ? ಇನ್ನು ಏಳೋದೇ ಇಲ್ಲ," ಅಂದರು ಟೀಚರು.

"ಇದು ಏಳೋ ಜಾತಿ ಅಲ್ಲ ಟೀಚರ್."

ಕೋಲನ್ನು ಅಕ್ಕನ ಬಾಗಿಲಿಗೆ ಒರಗಿಸಿದೆ. ಸದ್ದಾಯಿತು.

"ಯಾರದು? ಇನ್ನೂ ಹೋಗ್ಲಿಲ್ವೇನೆ?" ಒಳಗಿನಿಂದ ಅಕ್ಕ ಕೂಗಿದಳು.

"ಹೊರಟೆ," ಅಂದೆ. "ನಿನ್ನ ಕೋಲು ಬಾಗಿಲಲ್ಲಿಟ್ಟಿದ್ದೀನಿ. ನನಗಿನ್ನು ಬೇಡ."